ಕೋವಿಗೆ ಹಾಕುವ ಮದ್ದು: ಹಬ್ಬಕ್ಕೆ ಊರಿಗೆ ಹೊರಟವರಿಗೆ ದೊಡ್ಡಮ್ಮನ ಕಿವಿಮಾತು

ಆಗಸ್ಟ್ ತಿಂಗಳು ಮುಗಿಯುತ್ತಾ ಬಂತೆಂದರೆ ಬೆಂಗಳೂರಿನ ಅಂಚಿನ ನಮ್ಮ ಮಾಕಳಿಯಲ್ಲಿ ಬಾಡಿಗೆ ಮನೆ ಹಿಡಿದಿರುವ ಕೊಡಗಿನ ಹುಡುಗರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಪೀಣ್ಯದ ಕಾರ್ಖಾನೆಗೆ ರಜೆ ಬರೆದುಕೊಟ್ಟು, ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಊರು ಸೇರಬೇಕು. ಕುಟುಂಬದ ಮೂಲಮನೆಯಾದ ಐನ್‌ಮನೆಯ ಗೋಡೆಯಿಂದ ಅಜ್ಜನ ಕಾಲದ ಕೇಪಿನ ಕೋವಿ ಇಳಿಸಬೇಕು, ಒರೆಸಬೇಕು, ಹೂವಿಟ್ಟು ಪೂಜೆ ಮಾಡಬೇಕು, ಒಂದು ಈಡು ಹೊಡೆಯಬೇಕು. ಅದಾದ ಮೇಲೆ ಸುಗ್ಗಿಯ ಹಬ್ಬ ಪುತ್ತರಿಗೆ ಕದಿರು ಕೊಯ್ಯುವಾಗ ಇನ್ನೊಂದು.

ಹೋಗಿ ಬನ್ನಿ, ಸಂತೋಷ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಎಂದು ಊರಿಗೆಲ್ಲ ಸುದ್ದಿ ಮುಟ್ಟಿಸಿದ ಕೋವಿ ಅದು, ಗೋಡೆಯ ಮೇಲೆ ತುಕ್ಕು ಹಿಡಿಯಬಾರದು ಎನ್ನುವವಳೇ ನಾನು. ಆದರೆ ತೋಟೆ ಕೋವಿಯಲ್ಲಿ ಮದ್ದನ್ನು ಕಾರ್ಖಾನೆಯವರೇ ಅಳೆದು ಮುಚ್ಚಿ ಕೊಟ್ಟಿರುತ್ತಾರೆ. ಈ ಹಳೆಯದರಲ್ಲಿ ಅಳೆಯುವವರೂ ನೀವೇ, ಜಡಿಯುವವರೂ ನೀವೇ, ಜಡಿದದ್ದನ್ನು ಮರೆಯುವವರೂ ನೀವೇ. ಅದಕ್ಕೇ ಹೇಳುತ್ತೇನೆ, ಬಟ್ಟೆ ಜೋಡಿಸಿಕೊಳ್ಳುವ ಮೊದಲು ಒಮ್ಮೆ ಓದಿಕೊಳ್ಳಿ.

ತರುವಾಗ

• ಮೊದಲು ಕಾಗದಪತ್ರ ನೋಡಿಕೊಳ್ಳಿ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಆದರೆ ಪತ್ರ ಯಾರ ಹೆಸರಿನಲ್ಲಿದೆ, ಯಾವ ಕೋವಿಗೆ ಇದೆ ಎಂದು ಓದಿ ನೋಡಿ. ಎಷ್ಟೋ ಮನೆಗಳಲ್ಲಿ ತೀರಿಕೊಂಡ ಅಜ್ಜನ ಹೆಸರಿನ ಪತ್ರವೇ ಇನ್ನೂ ಬೀರುವಿನಲ್ಲಿರುತ್ತದೆ.

• ಹಾಸನ, ಚಿಕ್ಕಮಗಳೂರು ಕಡೆಯ ಮಕ್ಕಳೇ, ಬೆಳೆ ಕಾಯುವ ಕೋವಿಗೆ ನಿಮಗೆ ಪರವಾನಗಿ ಬೇಕೇ ಬೇಕು. ಅದರ ನವೀಕರಣದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮೊಬೈಲಿನಲ್ಲಿ ಗುರುತು ಹಾಕಿದರೆ ಮೊಬೈಲು ಬದಲಾದಾಗ ಅದೂ ಹೋಗುತ್ತದೆ.

• ಕೊಡಗಿನ ಗಡಿ ದಾಟಿದರೆ ವಿನಾಯಿತಿಗೂ ಮಿತಿ ಇದೆ. ಒಬ್ಬರಿಗೆ ಒಂದು ರೈಫಲ್, ಅದಕ್ಕೆ 100 ಗುಂಡು. ನಯ ನಳಿಗೆಯ ಕೋವಿ ಒಂದು, ಅದಕ್ಕೆ 500 ತೋಟೆ ಅಥವಾ ಅಷ್ಟಕ್ಕೆ ಸಮನಾದ ಚರೆ ಮತ್ತು ಮದ್ದು. ಅಷ್ಟಕ್ಕೆ ಅವಕಾಶ ಇದೆಯೆಂದು ಅಷ್ಟನ್ನೂ ಬೆಂಗಳೂರಿಗೆ ತರಬೇಡಿ. ಮಾಕಳಿಯಲ್ಲಿ ಅದರಿಂದ ನಿಮಗೆ ಏನೂ ಕೆಲಸವಿಲ್ಲ.

• ಮದ್ದನ್ನು ಪರವಾನಗಿ ಇರುವ ಕೋವಿ ಅಂಗಡಿಯಲ್ಲೇ ಕೊಳ್ಳಿ, ರಸೀದಿ ಕೇಳಿ, ಪುಸ್ತಕದಲ್ಲಿ ಬರೆಸಿ. ಪರಿಚಯದವರು ಎರಡು ಕಾಸು ಕಡಿಮೆಗೆ ಕೊಡುತ್ತಾರೆಂದು ಕಾಗದದ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಬರಬೇಡಿ. ಯಾವಾಗ ಮಾಡಿದ್ದು, ಯಾವುದಕ್ಕೆ ಮಾಡಿದ್ದು, ಅದರಲ್ಲಿ ಏನು ಬೆರೆತಿದೆ ಎಂದು ಪೊಟ್ಟಣದ ಮೇಲೆ ಬರೆದಿರುವುದಿಲ್ಲ.

• ಸ್ವಲ್ಪವೇ ಕೊಳ್ಳಿ. ಹಬ್ಬಕ್ಕೆ ಎಷ್ಟು ಈಡು ಬೇಕು ಎಂದು ಮೊದಲೇ ಲೆಕ್ಕ ಹಾಕಿ, ಅಷ್ಟಕ್ಕೇ ತನ್ನಿ. ಅಕ್ಕಿ, ಬೇಳೆ, ಮೆಣಸು ಮಿಕ್ಕರೆ ಎತ್ತಿಡುವುದು ನಮ್ಮ ಹೆಂಗಸರ ಬುದ್ಧಿ, ಒಳ್ಳೆಯ ಬುದ್ಧಿ. ಮದ್ದಿನ ವಿಷಯದಲ್ಲಿ ಮಾತ್ರ ಆ ಬುದ್ಧಿ ಬೇಡ. ಮಿಕ್ಕಿದ್ದನ್ನು ಇಡಲು ಜಾಗ ಬೇಕು, ಬೀಗ ಬೇಕು, ಅದರ ನೆನಪೂ ಬೇಕು. ಮೊದಲು ಹೋಗುವುದು ನೆನಪೇ.

• ನೆಲಮಂಗಲ, ದೊಡ್ಡಬಳ್ಳಾಪುರದ ಕಡೆ ಕ್ವಾರಿ ಕೆಲಸದವರ ಪರಿಚಯ ನಿಮಗಿರಬಹುದು. ಬಂಡೆ ಸಿಡಿಸುವ ಮದ್ದನ್ನು ಕೋವಿಗೆ ತರಬೇಡಿ. ಬಂಡೆ ಒಡೆಯಲು ಮಾಡಿದ್ದು ನಳಿಗೆಯನ್ನೂ ಒಡೆಯುತ್ತದೆ.

• ಪಟಾಕಿ ಬಿಚ್ಚಿ ಮದ್ದು ತೆಗೆಯಬೇಡಿ. ಪಟಾಕಿಯೊಳಗಿನ ಬೆಳ್ಳಿ ಬಣ್ಣದ ಪುಡಿ ಕೋವಿಮದ್ದಲ್ಲ, ಉಜ್ಜಿದರೂ ಹತ್ತಿಕೊಳ್ಳುವ ಜಾತಿ ಅದು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಏನಾಯಿತೆಂದು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಕೆಲಸಕ್ಕೆ ಬಂದ ಎಳೆಯ ಹುಡುಗರು ಹೊರಗೆ ಬರಲಾಗದೆ ಹೋದರು.

• ಇದನ್ನು ಎರಡು ಸಲ ಓದಿ: ತೋಟೆ ಬಿಚ್ಚಿ ಅದರೊಳಗಿನ ಮದ್ದನ್ನು ಕೇಪಿನ ಕೋವಿಗೆ ಹಾಕಬೇಡಿ, ಯಾವ ಕಾರಣಕ್ಕೂ ಬೇಡ. ಇವತ್ತಿನ ತೋಟೆಯಲ್ಲಿರುವುದು ಹೊಗೆಯಿಲ್ಲದ ಮದ್ದು. ನೋಡಲು ಅದೂ ಕಪ್ಪು, ಇದೂ ಕಪ್ಪು, ಆದರೆ ಅದರ ಒತ್ತಡವೇ ಬೇರೆ. ಅಜ್ಜನ ಕಾಲದ ನಳಿಗೆ ಅದನ್ನು ತಡೆಯುವುದಿಲ್ಲ, ಹಿಡಿದವರ ಎಡಗೈ ಬಳಿಯೇ ಸೀಳಿಬಿಡುತ್ತದೆ. ಮದ್ದು ಸಿಗಲಿಲ್ಲವೆಂದರೆ ಆ ವರ್ಷ ಈಡು ಬೇಡ. ಪೂಜೆ ಮಾಡಿ ಕೈಮುಗಿಯಿರಿ, ಹಬ್ಬಕ್ಕೆ ಏನೂ ಕುಂದಾಗುವುದಿಲ್ಲ.

• ಮೊಬೈಲಿನಲ್ಲಿ ನೋಡಿಕೊಂಡು ಮನೆಯಲ್ಲೇ ಅರೆಯುತ್ತೇನೆ ಎನ್ನುವ ಹುಡುಗರಿದ್ದಾರೆ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳನ್ನು ನೋಡಿದ್ದೀರಲ್ಲ? ನೆಲದಲ್ಲಿ ತೋಡಿದ ಗುಂಡಿಯೊಳಗೆ ನಾಲ್ಕು ಭಾರಿ ಬೀಸುಕಲ್ಲು. ಪಾಳೆಯಗಾರರೇ ಆ ಕೆಲಸವನ್ನು ಗುಂಡಿಗಿಳಿಸಿ ಮಾಡಿಸಿದರು, ನೀವು ಮಿಕ್ಸಿಯ ಹತ್ತಿರ ಹೋಗಬೇಡಿ. ಪರವಾನಗಿ ಇಲ್ಲದೆ ಮದ್ದು ತಯಾರಿಸುವುದು 1884ರ ಸ್ಫೋಟಕ ಕಾಯ್ದೆಯ ಪ್ರಕಾರ ಅಪರಾಧ. ಕೋವಿಗೆ ಇರುವ ವಿನಾಯಿತಿ ಇಲ್ಲಿ ನಿಮ್ಮ ಕೈ ಹಿಡಿಯುವುದಿಲ್ಲ.

ಸಾಗಿಸುವಾಗ

• ಮದ್ದು ಬೇಕಿರುವುದು ಊರಿನಲ್ಲಿ, ಊರಿಗೆ ಹತ್ತಿರದ ಅಂಗಡಿಯಲ್ಲೇ ಕೊಳ್ಳಿ. ಬೆಂಗಳೂರಿನಲ್ಲಿ ಕೊಂಡು ಅಲ್ಲಿಯವರೆಗೆ ಹೊತ್ತುಕೊಂಡು ಹೋಗುವುದರಲ್ಲಿ ಯಾವ ಉಳಿತಾಯವೂ ಇಲ್ಲ.

• ಬಸ್ಸಿನಲ್ಲಿ, ರೈಲಿನಲ್ಲಿ, ಮೆಟ್ರೊದಲ್ಲಿ ಮದ್ದು ಒಯ್ಯುವಂತಿಲ್ಲ. ಮಾದಾವರದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದು ಸ್ಯಾಟಲೈಟ್ ನಿಲ್ದಾಣಕ್ಕೆ ಹೋಗುವವರು ಬಹಳ ಮಂದಿ. ಸ್ಕ್ಯಾನರಿನಲ್ಲಿ ಸಿಕ್ಕಿಬಿದ್ದರೆ ಹಬ್ಬ ಠಾಣೆಯಲ್ಲೇ ಕಳೆದೀತು. ಸಿಕ್ಕಿಬೀಳದಿದ್ದರೆ ಅದು ಇನ್ನೂ ಕೆಟ್ಟದ್ದು, ಪಕ್ಕದ ಸೀಟಿನಲ್ಲಿ ಮಗು ಎತ್ತಿಕೊಂಡ ತಾಯಿ ಕೂತಿರುತ್ತಾಳೆ.

• ಸ್ಕೂಟರ್ ಸೀಟಿನ ಕೆಳಗೆ ಇಡಬೇಡಿ, ಎಂಜಿನ್ನಿನ ಕಾವು ಅಲ್ಲಿಗೇ ಬಡಿಯುತ್ತದೆ. ಸ್ವಂತ ಕಾರಿನಲ್ಲಿ ಅಂಗಡಿಯಿಂದ ಮನೆಗೆ ಒಯ್ಯುವಾಗ ಮದ್ದು ಹಿಂದಿನ ಡಿಕ್ಕಿಯಲ್ಲಿರಲಿ, ಕೇಪು ಮುಂದೆ ಬೇರೆ ಚೀಲದಲ್ಲಿರಲಿ. ದಾರಿಯಲ್ಲಿ ಬಿಸಿಲಿಗೆ ಕಾರು ನಿಲ್ಲಿಸಿ ಊಟಕ್ಕೆ ಕೂರಬೇಡಿ. ಕಾರಿನೊಳಗೆ ಬೀಡಿ ಸಿಗರೇಟು ಬೇಡವೆಂದು ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಇಡುವಾಗ

• ಮಾಕಳಿಯ ಮನೆಗೆ ಮದ್ದು ತರಲೇಬೇಡಿ. ಇಲ್ಲಿ ಒಂದು ಗೋಡೆಯ ಆಚೆ ಇನ್ನೊಬ್ಬರ ಅಡುಗೆಮನೆ, ಸಿಲಿಂಡರ್ ಮೆಟ್ಟಿಲ ಕೆಳಗೆ, ಇನ್ವರ್ಟರ್ ಬ್ಯಾಟರಿ ಬಾಗಿಲ ಪಕ್ಕದಲ್ಲಿ. ಸಜ್ಜೆಯ ಮೇಲೆ ಹಳೇ ಸೂಟ್‌ಕೇಸಿನಲ್ಲಿಟ್ಟು ಮರೆತು, ಮನೆ ಖಾಲಿ ಮಾಡುವಾಗ ಲಾರಿಗೆ ಎಸೆದವರ ಕಥೆಯನ್ನು ನಾನು ಕೇಳಿದ್ದೇನೆ.

• ಊರಿನಲ್ಲಿ ಮದ್ದಿಗೆ ಒಬ್ಬರೇ ಯಜಮಾನರಿರಲಿ. ಕುಟುಂಬದ ಹಿರಿಯರಾದ ಪಟ್ಟೆದಾರರ ಕೈಯಲ್ಲಿ ಬೀಗದ ಕೈ ಇದ್ದರೆ ಬಹಳ ಒಳ್ಳೆಯದು. ಸಾವು ಹೇಳಿ ಬರುವುದಿಲ್ಲ, ಎರಡು ಗುಂಡಿಗೆ ಬೇಕಾದಷ್ಟು ಮದ್ದು ಮನೆಯಲ್ಲಿರಬೇಕಾಗುತ್ತದೆ, ಗೊತ್ತು. ಆದರೆ ನಾಲ್ಕು ಜನ ಅಣ್ಣತಮ್ಮಂದಿರು ನಾಲ್ಕು ಮೂಲೆಯಲ್ಲಿ ನಾಲ್ಕು ಡಬ್ಬಿ ಇಟ್ಟುಕೊಂಡರೆ ಯಾವುದರಲ್ಲಿ ಏನಿದೆ ಎಂದು ಯಾರಿಗೂ ತಿಳಿಯುವುದಿಲ್ಲ.

• ಮದ್ದು ಅದು ಬಂದ ಡಬ್ಬಿಯಲ್ಲೇ ಇರಲಿ. ಗಾಜಿನ ಬಾಟಲಿ ಬೇಡ, ಒಡೆದರೆ ಚೂರೇ ಗುಂಡಾಗುತ್ತದೆ. ತಿರುಗಿಸಿ ಬಿಗಿಯುವ ದಪ್ಪ ಕಬ್ಬಿಣದ ಪಾತ್ರೆ ಇನ್ನೂ ಬೇಡ. ಬಯಲಿನಲ್ಲಿ ಹತ್ತಿಕೊಂಡ ಮದ್ದು ಭಗ್ ಎಂದು ಉರಿದು ಹೋಗುತ್ತದೆ, ಬಿಗಿಯಾಗಿ ಮುಚ್ಚಿಟ್ಟದ್ದು ಸಿಡಿಯುತ್ತದೆ. ಕಾಫಿಪುಡಿ ಡಬ್ಬಿ, ಹಾರ್ಲಿಕ್ಸ್ ಬಾಟಲಿಗೆ ಸುರಿದಿಟ್ಟರೆ ಯಾರೋ ಒಬ್ಬರು ಅದನ್ನು ಒಲೆಯ ಪಕ್ಕ ಇಡುತ್ತಾರೆ.

• ಡಬ್ಬಿಯ ಮೇಲೆ ದೊಡ್ಡದಾಗಿ, ಕನ್ನಡದಲ್ಲಿ, ‘ಕೋವಿಮದ್ದು’ ಎಂದು ಬರೆದು ಅಂಟಿಸಿ. ಕೊಂಡ ತಿಂಗಳು, ವರ್ಷವನ್ನೂ ಬರೆಯಿರಿ. ಮನೆಗೆಲಸಕ್ಕೆ ಬರುವವರಿಗೂ ಬಾಯಿಬಿಟ್ಟು ಹೇಳಿ.

• ಕೇಪಿನ ಡಬ್ಬಿಯನ್ನು ಮದ್ದಿನ ಜೊತೆ ಇಡಬೇಡಿ. ಕೇಪು ಬೇರೆ ಕೋಣೆ, ಮದ್ದು ಬೇರೆ ಕೋಣೆ, ಕೋವಿ ಮೂರನೆಯ ಕಡೆ. ಮೂರೂ ಒಂದೇ ಬೀರುವಿನಲ್ಲಿದ್ದರೆ ರಜೆಗೆ ಬಂದ ಮಕ್ಕಳಿಗೆ ನೀವೇ ಜೋಡಿಸಿ ಕೊಟ್ಟಂತೆ.

• ಒಣ ಜಾಗ, ತಂಪು ಜಾಗ, ಬೀಗ ಹಾಕಿದ ಮರದ ಪೆಟ್ಟಿಗೆ, ಒಲೆಯಿಂದಲೂ ದೇವರ ದೀಪದಿಂದಲೂ ದೂರ. ಕೊಡಗಿನ ಮಳೆಗಾಲದಲ್ಲಿ ಒಣ ಜಾಗವೆಂದರೆ ಒಲೆಯ ಮೇಲಿನ ಅಟ್ಟ ಎಂದು ನಮಗೆಲ್ಲ ರೂಢಿ. ಗೊರಬು, ಹಪ್ಪಳ, ಒಣಮೀನು ಅಲ್ಲಿರಲಿ, ಮದ್ದು ಅಲ್ಲಿ ಬೇಡ.

• ಶ್ರೀರಂಗಪಟ್ಟಣಕ್ಕೆ ಹೋದರೆ ಟಿಪ್ಪುವಿನ ಕಾಲದ ಮದ್ದಿನ ಮನೆ ನೋಡಿ ಬನ್ನಿ. ಜೋಡಿ ರೈಲುಮಾರ್ಗಕ್ಕೆ ಅಡ್ಡ ಬಂತೆಂದು 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ಆಚೆ ಸರಿಸಿದರಲ್ಲ, ಅದೇ. ಗೋಡೆಯ ದಪ್ಪ ನೋಡಿ, ಇಟ್ಟಿಗೆ ಗಾರೆ ನೋಡಿ. ಸೈನಿಕರು ಮಲಗುವ ಕಡೆ ಮದ್ದು ಬೇಡ, ಮದ್ದಿಗೆ ಅದರದೇ ಮನೆ ಬೇಕು ಎಂದು ತಿಳಿದವರು ಕಟ್ಟಿದ್ದು. ನಮ್ಮ ಮನೆಗಳಲ್ಲಿ ಅಷ್ಟು ಆಗದು, ಮಲಗುವ ಕೋಣೆಯ ಮಂಚದ ಕೆಳಗಿಂದಾದರೂ ತೆಗೆಯೋಣ.

• ನೆಲಕ್ಕೆ ಚೆಲ್ಲಿದರೆ ಒಣ ಪೊರಕೆ ಹಾಕಬೇಡಿ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಹಾಗೇ ಮೂಲೆಗೆ ಎಸೆದ ಬಟ್ಟೆ ಒಣಗಿದ ಮೇಲೆ ಮತ್ತೆ ಹತ್ತಿಕೊಳ್ಳುವ ವಸ್ತುವೇ.

• ಮದ್ದು ತೇವ ಎಳೆದು ಗಡ್ಡೆ ಕಟ್ಟಿದ್ದರೆ ಅದನ್ನು ಕುಟ್ಟಬೇಡಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಬೇಡಿ, ಒಲೆಯ ದಂಡೆಯ ಮೇಲೆ ಒಣಗಿಸಬೇಡಿ. ಅಂಗಡಿಯವರನ್ನೋ ಠಾಣೆಯವರನ್ನೋ ಕೇಳಿ ಒಪ್ಪಿಸಿಬಿಡಿ. ಕೊಟ್ಟ ದುಡ್ಡು ಹೋಯಿತು ಎಂದುಕೊಳ್ಳಿ, ಅಷ್ಟೇ ತಾನೇ.

• ಅಟ್ಟ ಗುಡಿಸುವಾಗ ಯಾರಿಗೂ ಗೊತ್ತಿಲ್ಲದ ಹಳೇ ಡಬ್ಬಿ ಸಿಕ್ಕಿತೆಂದರೆ ಅಲುಗಾಡಿಸಬೇಡಿ, ಮುಚ್ಚಳ ತಿರುಗಿಸಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ ಪೊಲೀಸರಿಗೆ ಫೋನ್ ಮಾಡಿ. ನಾವೇ ಒಯ್ದು ತೋಟದಲ್ಲಿ ಹೂತರಾಯಿತು, ಹೊಳೆಗೆ ಎಸೆದರಾಯಿತು ಎನ್ನಬೇಡಿ. 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಬಳಿ ಅಕ್ರಮವಾಗಿ ಇಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನು ರಾತ್ರೋರಾತ್ರಿ ವಿಲೇವಾರಿ ಮಾಡಲು ಹೋಗಿ ಆರು ಜನ ಸತ್ತರು. ಜಿಲೆಟಿನ್ ಬೇರೆ, ನಮ್ಮ ಮದ್ದು ಬೇರೆ. ಆದರೆ ಯಾರಿಗೂ ತಿಳಿಯದ ಹಾಗೆ ಮುಗಿಸಿಬಿಡೋಣ ಎನ್ನುವ ಆತುರ ಒಂದೇ.

ಕೋವಿ ಇಳಿಸುವಾಗ

• ಗೋಡೆಯಿಂದ ಇಳಿಸಿದ ಕೋವಿಯಲ್ಲಿ ಈಡು ಇದೆ ಎಂದೇ ತಿಳಿಯಿರಿ. ಹೋದ ವರ್ಷ ಜಡಿದು, ಮಳೆ ಬಂತೆಂದು ಹೊಡೆಯದೆ ಹಾಗೇ ನೇತುಹಾಕಿದ ಕೋವಿಗಳಿಂದಲೇ ಅನಾಹುತ ಹೆಚ್ಚು. ಒಳಗೆ ಕುಳಿತ ಮದ್ದಿಗೆ ವಯಸ್ಸಾಗುವುದಿಲ್ಲ.

• ಪರೀಕ್ಷೆಗೆ ಮದ್ದು ಜಡಿಯುವ ಗಜವೇ ಸಾಕು. ಕೋವಿ ಖಂಡಿತ ಖಾಲಿ ಇರುವಾಗ ಗಜವನ್ನು ನಳಿಗೆಯೊಳಗೆ ತಳದವರೆಗೆ ಇಳಿಬಿಡಿ. ಟಣ್ ಎಂದು ಕಬ್ಬಿಣದ ಸದ್ದು ಬರಬೇಕು. ನಳಿಗೆಯ ಬಾಯಿ ಎಲ್ಲಿಗೆ ಬರುತ್ತದೋ ಅಲ್ಲಿ ಗಜದ ಮೇಲೆ ಚಾಕುವಿನಿಂದ ಸುತ್ತ ಒಂದು ಗೀರು ಹಾಕಿ. ಮುಂದಿನ ಸಲ ಗಜ ಇಳಿಬಿಟ್ಟಾಗ ಆ ಗೀರು ಬಾಯಿಯಿಂದ ಎರಡು ಬೆರಳು ಮೇಲೆ ನಿಂತು, ಸದ್ದು ದಬ್ ಎಂದು ಮಂಕಾಗಿ ಬಂದರೆ ಒಳಗೆ ಏನೋ ಕೂತಿದೆ. ಹಾಗಿದ್ದರೆ ನೀವು ಕೆರೆದು ತೆಗೆಯಲು ಹೋಗಬೇಡಿ, ಕೋವಿ ರಿಪೇರಿ ಮಾಡುವ ಪರವಾನಗಿದಾರರ ಹತ್ತಿರ ಒಯ್ಯಿರಿ. ಒಯ್ಯುವ ಮುನ್ನ ಕೇಪು ಕೂತಿಲ್ಲ ಎಂದು ನೋಡಿಕೊಳ್ಳಿ, ದಾರಿಯುದ್ದಕ್ಕೂ ಬಾಯಿ ಯಾರ ಕಡೆಗೂ ತಿರುಗದಿರಲಿ.

• ಗಜ ಇಳಿಬಿಡುವಾಗಲೂ ನಳಿಗೆಯ ಬಾಯಿಗೆ ಮುಖ ಒಡ್ಡಬೇಡಿ. ಒಂದು ಕಣ್ಣು ಮುಚ್ಚಿ ಒಳಗೆ ಇಣುಕುವ ಚಾಳಿ ಗಂಡಸರಿಗೆ ಯಾಕೆ ಬಂತೋ ಕಾಣೆ. ಇವತ್ತಿಗೆ ಬಿಟ್ಟುಬಿಡಿ.

• ನಳಿಗೆಯಲ್ಲಿ ಆಳವಾದ ತುಕ್ಕಿನ ಗುಳಿ, ಬಿರುಕು, ಬೆಸುಗೆ ಹಾಕಿದ ಗುರುತು ಕಂಡರೆ ಆ ಕೋವಿ ಪೂಜೆಗೆ ಮಾತ್ರ. ಹಿರಿಯರ ವಸ್ತು ಎಂಬ ಗೌರವ ಇದ್ದರೆ ಅದಕ್ಕೆ ಮತ್ತೆ ಬೆಂಕಿ ಇಡಬೇಡಿ.

• ದೇವರ ಕೋಣೆಯಾದ ಕನ್ನಿಕೋಂಬರೆಯಲ್ಲಿ ದೀಪ ಉರಿಯುತ್ತಿರುತ್ತದೆ, ಕೋವಿಗೆ ಗಂಧ ಹಚ್ಚಿ, ಹಬ್ಬದ ಹೂವಾದ ತೋಕ್‌ಪೂ ಸಿಕ್ಕಿಸಿರುತ್ತೀರಿ. ಆ ಹೊತ್ತಿಗೆ ಕೋವಿ ಖಾಲಿ ಇರಲಿ, ಮದ್ದಿನ ಡಬ್ಬಿ ಆ ಕೋಣೆಗೆ ಬರದಿರಲಿ. ಕೈಮುಗಿಯಲು ಬರುವ ಮಕ್ಕಳು ಕೋವಿಯ ಕುದುರೆ ಎಳೆದು ನೋಡಿಯೇ ನೋಡುತ್ತಾರೆ.

• ಹೂವು ನಳಿಗೆಯ ಬಾಯಿಯಲ್ಲೇ ಉಳಿದಿರುತ್ತದೆ. ಮದ್ದು ತುಂಬುವ ಮುಂಚೆ ತೊಟ್ಟು ಸಮೇತ ತೆಗೆದದ್ದನ್ನು ಕಣ್ಣಾರೆ ನೋಡಿ.

ಹೊಡೆಯುವಾಗ

• ಮೈಸೂರು ದಸರೆಯ ಕುಶಾಲತೋಪಿಗೆ ನಗರ ಸಶಸ್ತ್ರ ಮೀಸಲು ಪಡೆಯವರು ಎಷ್ಟು ಮುಂಚಿನಿಂದ ತಾಲೀಮು ಮಾಡುತ್ತಾರೆ ನೋಡಿದ್ದೀರಾ? ಮದ್ದೇ ಇಲ್ಲದೆ ಬರೀ ಕೈ ಅಭ್ಯಾಸ ಮೊದಲು, ಆನೆ ಕುದುರೆಗಳ ಎದುರು ಮದ್ದು ಹಾಕಿ ಹೊಡೆಯುವುದು ಆಮೇಲೆ. ರಾಷ್ಟ್ರಗೀತೆ ಮುಗಿಯುವುದರೊಳಗೆ 21 ತೋಪು ಮೊಳಗಿಸುವವರೇ ಹೀಗೆ ಮಾಡುವಾಗ ವರ್ಷಕ್ಕೊಮ್ಮೆ ಕೋವಿ ಮುಟ್ಟುವ ನೀವು ಹಬ್ಬದ ಹಿಂದಿನ ಸಂಜೆ ಒಂದು ಒಣ ತಾಲೀಮು ಮಾಡಿಕೊಳ್ಳಿ. ಯಾರು ಅಳೆಯುವುದು, ಯಾರು ಜಡಿಯುವುದು, ಯಾರು ಮಕ್ಕಳನ್ನು ಹಿಡಿದುಕೊಳ್ಳುವುದು ಎಂದು ಅವತ್ತೇ ಗೊತ್ತಾಗಲಿ.

• ಹತ್ತಿಬಟ್ಟೆ ಹಾಕಿಕೊಳ್ಳಿ. ನೈಲಾನ್, ಪಾಲಿಯೆಸ್ಟರ್ ಅಂಗಿಗೆ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

• ಕಿವಿಗೆ ಹತ್ತಿ ಸಾಲದು, ಅಂಗಡಿಯಲ್ಲಿ ಸಿಗುವ ಕಿವಿಮುಚ್ಚುಗ ತನ್ನಿ. ಕಣ್ಣಿಗೆ ಕನ್ನಡಕ ಇರಲಿ. ಕೇಪಿನ ತಾಮ್ರದ ಚೂರು ಹಿಂದಕ್ಕೂ ಹಾರುತ್ತದೆ.

• ಡಬ್ಬಿಯಿಂದ ನೇರವಾಗಿ ನಳಿಗೆಗೆ ಮದ್ದು ಸುರಿಯಬೇಡಿ. ಹಿಂದಿನ ಈಡಿನ ಒಂದು ಕೆಂಡ ಒಳಗೆ ಉಳಿದಿದ್ದರೆ ಬೆಂಕಿ ಮೇಲಕ್ಕೆ ಬಂದು ಡಬ್ಬಿಯನ್ನೇ ಹಿಡಿಯುತ್ತದೆ, ಡಬ್ಬಿ ನಿಮ್ಮ ಕೈಯಲ್ಲಿರುತ್ತದೆ. ಹಿತ್ತಾಳೆಯ ಅಳತೆಗೆ ಹಾಕಿಕೊಂಡು, ಡಬ್ಬಿ ಮುಚ್ಚಿ, ದೂರ ಇಟ್ಟು ಬಂದು ಆಮೇಲೆ ಸುರಿಯಿರಿ. ಪ್ರತಿ ಸಲವೂ ಹೀಗೇ ಮಾಡಿ. ‘ಇದೊಂದು ಸಲ’ ಎನ್ನಬೇಡಿ.

• ಡಬ್ಬಿ ಇಡುವ ಜಾಗ ಹೊಡೆಯುವ ಜಾಗದಿಂದ ಚೆನ್ನಾಗಿ ದೂರ, ಗಾಳಿ ಬೀಸುವ ದಿಕ್ಕಿಗೆ ಹಿಂದೆ ಇರಲಿ. ದರಿಯಾ ದೌಲತ್‌ನ ಗೋಡೆಯಲ್ಲಿ ಪೊಳ್ಳಿಲೂರು ಯುದ್ಧದ ಚಿತ್ರ ಇದೆಯಲ್ಲ, ಅದರಲ್ಲಿ ಇಂಗ್ಲಿಷರ ಮದ್ದಿನ ಬಂಡಿ ಸಿಡಿಯುವುದನ್ನು ಹತ್ತಿರ ನಿಂತು ನೋಡಿ. 1780ರ ಸೆಪ್ಟೆಂಬರ್ 10ರಂದು ಇಂಗ್ಲಿಷರ ಸೇನಾಪತಿ ಬೇಲಿಯ ಸೈನ್ಯ ಸೋತದ್ದರಲ್ಲಿ ಆ ಬಂಡಿಗಳ ಪಾಲು ದೊಡ್ಡದು. ದಾಸ್ತಾನು ಕಾಳಗದ ನಡುವೆ ಇತ್ತು.

• ಅಳತೆ ಒಂದೇ ಇರಲಿ, ಅದೂ ಆ ಕೋವಿಗೆ ಹೇಳಿದ್ದೇ ಇರಲಿ. ಸದ್ದು ಜೋರಾಗಲಿ ಎಂದು ಇನ್ನೊಂದು ಚಿಟಿಕೆ ಹಾಕಬೇಡಿ. ಊರವರಿಗೆ ಕೇಳಿಸುವಷ್ಟು ಸದ್ದು ಸರಿಯಾದ ಅಳತೆಯಲ್ಲೇ ಬರುತ್ತದೆ.

• ತುಂಬುವವರ ಜೊತೆ ಮಾತಾಡಬೇಡಿ. ಮಾತಿನ ನಡುವೆ ಹಾಕಿದೆನೋ ಇಲ್ಲವೋ ಎಂದು ಮರೆತು ಎರಡು ಸಲ ತುಂಬುವವರೇ ಹೆಚ್ಚು. ಅನುಮಾನ ಬಂದರೆ ಗಜದ ಗೀರು ನೋಡಿ, ಅದಕ್ಕೇ ಹಾಕಿಸಿದ್ದು.

• ಮದ್ದಿನ ಮೇಲೆ ತೆಂಗಿನ ನಾರಿನ ಕತ್ತ ಅಥವಾ ಕಾಗದ ಜಡಿಯುವಾಗ ಅದು ಮದ್ದಿಗೆ ತಾಗುವವರೆಗೂ ಇಳಿಯಲಿ. ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಆ ಜಾಗದಲ್ಲೇ ಉಬ್ಬಿ ಒಡೆಯುತ್ತದೆ. ಗಜವನ್ನು ಬೆರಳಲ್ಲಿ ಹಿಡಿಯಿರಿ, ಅಂಗೈಯನ್ನು ಅದರ ತಲೆಯ ಮೇಲೆ ಇಟ್ಟು ಒತ್ತಬೇಡಿ. ಆಮೇಲೆ ಗಜ ಹೊರಗೆ ಬಂತೇ ನೋಡಿ. ಆತುರದಲ್ಲಿ ಗಜವನ್ನೇ ಹಾರಿಸುವವರಿದ್ದಾರೆ.

• ಹಬ್ಬದ ಸದ್ದಿಗೆ ಚರೆ ಬೇಡ, ಗುಂಡು ಬೇಡ, ಕಲ್ಲು ಮೊಳೆ ಮೊದಲೇ ಬೇಡ. ಬರೀ ಕಾಗದ ಜಡಿದ ಈಡೂ ಹತ್ತಿರದವರಿಗೆ ಗಾಯ ಮಾಡುತ್ತದೆ, ಮುಂದೆ ಯಾರನ್ನೂ ನಿಲ್ಲಿಸಬೇಡಿ. ರೀಲ್ಸ್ ತೆಗೆಯುವವರು ಕೋವಿಯ ಬೆನ್ನ ಹಿಂದೆ ನಿಲ್ಲಲಿ.

• ಕೇಪು ಕೊನೆಗೆ. ಹೊಡೆಯುವ ಜಾಗದಲ್ಲಿ ನಿಂತು, ಬಾಯಿ ಬಯಲಿಗೆ ತಿರುಗಿಸಿದ ಮೇಲೇ ಕೇಪು ಕೂರಿಸಿ.

• ಸಿಡಿಯಲಿಲ್ಲವೆಂದರೆ ಹಾಗೇ, ಅದೇ ದಿಕ್ಕಿಗೆ, ಅಲುಗದೆ ಹಿಡಿದು ನಿಲ್ಲಿ. ನಿಧಾನವಾಗಿ ನೂರರವರೆಗೆ ಎಣಿಸಿ. ಒದ್ದೆ ಮದ್ದು ಒಳಗೊಳಗೇ ಹೊಗೆಯಾಡಿ ತಡವಾಗಿ ಹತ್ತಿಕೊಳ್ಳುವುದುಂಟು. ಎಣಿಸಿ ಮುಗಿದ ಮೇಲೆ ಹೊಸ ಕೇಪು ಹಾಕಿ ನೋಡಿ. ಮತ್ತೆ ಆಗಲಿಲ್ಲವೆಂದರೆ ಮತ್ತೆ ಎಣಿಸಿ, ಕೇಪು ತೆಗೆದು, ತಿಳಿದವರಿಗೆ ಒಪ್ಪಿಸಿ.

• ಎರಡು ಈಡಿನ ನಡುವೆ ಒದ್ದೆ ಬಟ್ಟೆ ಸುತ್ತಿದ ಕೋಲನ್ನು ನಳಿಗೆಯಲ್ಲಿ ಆಡಿಸಿ, ಆಮೇಲೆ ಒಣ ಬಟ್ಟೆ ಆಡಿಸಿ. ಒಳಗೆ ಉಳಿದ ಕಿಡಿ ಆರಲಿ ಎಂದು. ದಸರೆಯ ಫಿರಂಗಿಗೂ ಹೀಗೇ ನೀರಿನ ಕೋಲು ಹಾಕುತ್ತಾರೆ. ಸಾವಿನ ಎರಡು ಗುಂಡು ಬೇಗ ಬೇಗ ಕೇಳಿಸಬೇಕೆಂದರೆ ಎರಡು ಕೋವಿ ತುಂಬಿಕೊಳ್ಳಿ, ಒಂದನ್ನೇ ಅವಸರದಲ್ಲಿ ತುಂಬಬೇಡಿ. ದುಃಖದ ಮನೆಯಲ್ಲಿ ಕೈ ನಡುಗುತ್ತಿರುತ್ತದೆ, ಮನೆಯವರಲ್ಲದ ಒಬ್ಬರು ಹೊಡೆಯುವುದೇ ಮೇಲು.

• ಹಾರಿದ ಕತ್ತ ಎಲ್ಲಿ ಬಿತ್ತು ಎಂದು ಹೋಗಿ ನೋಡಿ, ನೀರು ಹಾಕಿ ಬನ್ನಿ. ಸೆಪ್ಟೆಂಬರಿನಲ್ಲಿ ನೆಲ ಒದ್ದೆ ಇರುತ್ತದೆ. ಪುತ್ತರಿಯ ಹೊತ್ತಿಗೆ ಗದ್ದೆ ಬದಿಯ ಹುಲ್ಲು, ಕಣದ ಒಣಹುಲ್ಲು, ತೋಟದ ತರಗೆಲೆ ಎಲ್ಲ ಕಾಯುತ್ತಾ ಕೂತಿರುತ್ತವೆ.

• ಮೊದಲು ಕೋವಿ, ಆಮೇಲೆ ಕುಡಿತ. ಹಂದಿಕರಿ, ಕಡುಂಬುಟ್ಟು ಎಲ್ಲೂ ಓಡಿಹೋಗುವುದಿಲ್ಲ. ಲೋಟ ಕೈಗೆ ಬಂದ ಮೇಲೆ ಕೋವಿ ಒಳಗೆ, ಬೀಗ ಹಾಕಿ, ಕೀಲಿ ಕುಡಿಯದವರ ಕೈಯಲ್ಲಿ. ಈ ಮಾತಿಗೆ ನೀವು ನನ್ನ ಮೇಲೆ ಮುನಿಸಿಕೊಂಡರೂ ಪರವಾಗಿಲ್ಲ.

• ಮಾಕಳಿಯಲ್ಲಾಗಲಿ ನೆಲಮಂಗಲದ ಛತ್ರದಲ್ಲಾಗಲಿ ಮದುವೆ ದಿಬ್ಬಣಕ್ಕೆ ಗುಂಡು ಹಾರಿಸೋಣ ಎನ್ನಬೇಡಿ. 2019ರ ತಿದ್ದುಪಡಿಯ ನಂತರ ಸಂಭ್ರಮಕ್ಕೆ ಅಜಾಗರೂಕತೆಯಿಂದ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

• ರಾಜ್ಯೋತ್ಸವಕ್ಕೆ ರಾಯಣ್ಣ, ಚೆನ್ನಮ್ಮನ ರೂಪಕ ಮಾಡುವ ಶಾಲೆಯವರೇ, ನಿಮಗೆ ಮರದ ಕೋವಿ ಸಾಕು. ಸದ್ದನ್ನು ಧ್ವನಿವರ್ಧಕದಿಂದ ಬರಿಸಿ. ನಿಜವಾದ ಕೋವಿಯನ್ನು, ಖಾಲಿ ಎಂದರೂ, ಮಕ್ಕಳ ಕೈಗೆ ಕೊಡಬೇಡಿ.

ಹೊಡೆದ ಮೇಲೆ

• ಕೋವಿಯನ್ನು ಅವತ್ತೇ ರಾತ್ರಿ ತೊಳೆಯಿರಿ. ‘ನಾಳೆ ಬೆಳಿಗ್ಗೆ’ ಎಂದವರ ನಳಿಗೆಯಲ್ಲಿ ಬೆಳಿಗ್ಗೆ ಕೆಂಪು ತುಕ್ಕು ಕಾಣುತ್ತದೆ. ಉರಿದ ಮದ್ದಿನ ಮಸಿ ಗಾಳಿಯ ತೇವವನ್ನೆಲ್ಲ ಎಳೆದುಕೊಂಡು ಕಬ್ಬಿಣ ತಿನ್ನುತ್ತದೆ. ಕೊಡಗಿನ ಗಾಳಿಯಲ್ಲಿ ತೇವಕ್ಕೆ ಬರವೇ?

• ಬಿಸಿನೀರು, ಒಂದಿಷ್ಟು ಸೋಪು, ಹಳೇ ಪಂಚೆಯ ತುಂಡು ಸಾಕು. ಮೊದಲು ಬರುವ ನೀರು ಕಪ್ಪಾಗಿ, ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ, ಅದು ಗಂಧಕದ್ದು. ನೀರು ತಿಳಿಯಾಗುವವರೆಗೆ ಹೊಯ್ಯಿರಿ. ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿ. ಕೇಪು ಕೂರುವ ಸಣ್ಣ ತೂತನ್ನು ಕಡ್ಡಿಯಿಂದ ಬಿಡಿಸಿ.

• ಚೆನ್ನಾಗಿ ಒಣಗಿದ ಮೇಲೆ ತೆಳ್ಳಗೆ ಎಣ್ಣೆ ಹಚ್ಚಿ. ಕೋವಿ ಎಣ್ಣೆ ಇಲ್ಲದಿದ್ದರೆ ಹೊಲಿಗೆ ಮೆಷಿನ್ನಿನ ಎಣ್ಣೆ ಆಗುತ್ತದೆ. ಕೊಬ್ಬರಿಎಣ್ಣೆ ಚಳಿಗೆ ಗಟ್ಟಿಯಾಗಿ ಅಂಟುತ್ತದೆ, ಅದು ತಲೆಗೇ ಇರಲಿ.

• ಮುಂದಿನ ಸಲ ತುಂಬುವ ಮೊದಲು ಆ ಎಣ್ಣೆಯನ್ನು ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಮದ್ದು ಎಣ್ಣೆ ಕುಡಿದು ಸುಮ್ಮನಾಗುತ್ತದೆ. ಆಮೇಲೆ ಖಾಲಿ ಕೋವಿಯ ಬಾಯಿಯನ್ನು ನೆಲದ ಒಂದು ಹುಲ್ಲೆಸಳಿನ ಹತ್ತಿರ ಹಿಡಿದು ಬರೀ ಕೇಪು ಹೊಡೆದು ನೋಡಿ. ಹುಲ್ಲು ಅಲುಗಾಡಿದರೆ ದಾರಿ ತೆರೆದಿದೆ, ಅಲುಗಾಡದಿದ್ದರೆ ತೂತು ಕಟ್ಟಿದೆ. ಒಂದು ಕೇಪು ದಂಡ ಎಂದು ಕೊರಗಬೇಡಿ.

• ಮಿಕ್ಕ ಮದ್ದನ್ನು ಅವತ್ತೇ ಪಟ್ಟೆದಾರರ ಪೆಟ್ಟಿಗೆಗೆ ಹಿಂದಿರುಗಿಸಿ, ಎಷ್ಟು ಉಳಿಯಿತೆಂದು ಬರೆದಿಡಿ. ಅಳತೆಯಲ್ಲಿ, ಕೊಂಬಿನಲ್ಲಿ, ಜೇಬಿನ ಪೊಟ್ಟಣದಲ್ಲಿ ಏನೂ ಉಳಿಯದಿರಲಿ.

• ಚುನಾವಣೆಗೆಂದು ಕೋವಿ ಠಾಣೆಗೆ ಒಪ್ಪಿಸಲು ಹೇಳಿದರೆ ತೊಳೆದು, ಗಜ ಹಾಕಿ ಖಾಲಿ ಎಂದು ನೋಡಿ, ರಸೀದಿ ಪಡೆದು ಕೊಡಿ. ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ, ಮಸಿ ಸಮೇತ ಕೊಟ್ಟರೆ ವಾಪಸು ಬರುವುದು ತುಕ್ಕು.

• ಬೆಂಗಳೂರಿಗೆ ಹೊರಡುವ ಮುನ್ನ ಪ್ಯಾಂಟಿನ, ಹಬ್ಬಕ್ಕೆ ತೊಟ್ಟ ಕುಪ್ಯದ, ಚೀಲದ ಜೇಬುಗಳನ್ನೆಲ್ಲ ತಿರುವಿಹಾಕಿ ನೋಡಿ. ಎರಡು ಮೂರು ಕೇಪು ಮೂಲೆಯಲ್ಲಿ ಉಳಿದೇ ಇರುತ್ತವೆ. ನೀವು ನೋಡದಿದ್ದರೆ ಮೆಟ್ರೊದ ಸ್ಕ್ಯಾನರ್ ನೋಡುತ್ತದೆ, ಅದೂ ನೋಡದಿದ್ದರೆ ಬಟ್ಟೆ ಒಗೆಯುವವಳ ಕೈಗೆ ಸಿಗುತ್ತವೆ. ಸಿಕ್ಕಿದ್ದನ್ನು ಅಲ್ಲೇ ಕೇಪಿನ ಡಬ್ಬಿಗೆ ಹಾಕಿ ಬನ್ನಿ.